ಮಿಡತೆಗೊಂದು ಎಂಜಿನ್

೨೦ ಮಾರ್ಚ್ ೧೯೬೧, ಸೋಮವಾರ

ದೊಡ್ಡಮ್ಮ ಹೇಳಿದ್ದಕ್ಕೆ ಇದನ್ನು ಶುರು ಮಾಡುತ್ತಿದ್ದೇನೆ. “ಎಲ್ಲಾನೂ ಬಾಯಾಗೇ ಆಡಿ ಮುಗಿಸ್ಬ್ಯಾಡಲೇ ಕಲ್ಲೇಶಿ. ಒಂದಿಷ್ಟು ಬರಕೊಂಡು ಸುಮ್ನಿರು,” ಎಂದು ಅಂಗಡಿಯಿಂದ ಬಂದ ಖಾಲಿ ಪುಸ್ತಕವೊಂದನ್ನು ನನ್ನ ಮುಂದೆ ಹಾಕಿದರು. ಇವತ್ತು ನಾಲ್ಕು ಜನರ ಎದುರಿಗೆ ನಾನು ಆಡಿದ ಮಾತು ಅವರಿಗೆ ಹಿಡಿಸಲಿಲ್ಲ. ಆದರೆ ನಾನು ಸುಳ್ಳು ಹೇಳಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಸೋಮವಾರ ಹತ್ತಿ ಪೇಟೆಗೆ ರಜೆ. ದೊಡ್ಡಪ್ಪ, ಅಂದರೆ ದಲ್ಲಾಲಿ ಮುರುಗೇಶಪ್ಪನವರು, ಆ ದಿನ ಬೆಳಿಗ್ಗೆ ರುಮಾಲು ಸುತ್ತಿಕೊಂಡು ತಮ್ಮ ಎಂ.ಜಿ. ಕಾರಿನಲ್ಲಿ ಒಬ್ಬರೇ ಹರಿಹರಕ್ಕೆ ಹೋಗುತ್ತಾರೆ. ಆ ಕಾರಿಗೆ ಎರಡೇ ಸೀಟು. ತಲೆಯ ಮೇಲೆ ಸೂರಿಲ್ಲ. ಮೈಯೆಲ್ಲ ಹಸಿರು, ಮುಂದೆ ಉದ್ದ ಮೂತಿ, ಹಿಂದೆ ಮೊಂಡು. ಊರವರೆಲ್ಲ ಅದನ್ನು ಮಿಡತೆ ಎಂದೇ ಕರೆಯುತ್ತಾರೆ. ಹರಿಹರದಲ್ಲಿ ದೊಡ್ಡಪ್ಪನಿಗೆ ಕೆಲಸವೇನೂ ಇಲ್ಲ. ಸೇತುವೆಯ ಮೇಲೆ ಗಾಡಿ ಓಡಿಸುವುದು, ನದಿ ನೋಡುತ್ತ ಮಂಡಕ್ಕಿ ಮೆಣಸಿನಕಾಯಿ ತಿನ್ನುವುದು, ಎರಡು ಡಬ್ಬಿ ನದಿ ನೀರು ತುಂಬಿಕೊಂಡು ಬರುವುದು. ನಮ್ಮ ಬಾವಿಯ ನೀರು ಗಡಸು, ರೇಡಿಯೇಟರಿನೊಳಗೆ ಸುಣ್ಣ ಕಟ್ಟುತ್ತದೆ. ಅದಕ್ಕೇ ಮಿಡತೆ ಹತ್ತು ವರ್ಷದಿಂದ ತುಂಗಭದ್ರೆಯ ನೀರನ್ನೇ ಕುಡಿದಿದೆ.

ಇವತ್ತು ಸೇತುವೆಯ ಹತ್ತಿರ ರೇಡಿಯೇಟರ್ ಕೊತಕೊತ ಕುದಿದಿದೆ. ದೊಡ್ಡಪ್ಪ ಆಗತಾನೇ ತುಂಬಿದ ತಣ್ಣೀರನ್ನು ಹಾಗೇ ಹೊಯ್ದಿದ್ದಾರೆ. ಟಣ್ ಎಂದಿತಂತೆ. ಸುದ್ದಿ ಬಂದ ಮೇಲೆ ನಾನು ಸೈಕಲ್ಲಿನಲ್ಲಿ ಹೋಗಿ ನೋಡಿದರೆ ಎಂಜಿನ್ನಿನ ಬ್ಲಾಕಿನ ಪಕ್ಕೆಯಲ್ಲಿ ಉದ್ದಕ್ಕೂ ಸೀಳು. ಹತ್ತಿ ಬಂಡಿಯ ಎತ್ತು ಕಟ್ಟಿದೆವು. ಗಾಡಿ ಜಗ್ಗಲಿಲ್ಲ. ನೋಡಿದರೆ ಎರಡನೇ ಗೇರಿನಲ್ಲಿತ್ತು. ನಾನೇ ಬಿಡಿಸಿದೆ.

ಒಂಬತ್ತು ಮೈಲಿಯೂ ದೊಡ್ಡಪ್ಪ ಸ್ಟಿಯರಿಂಗ್ ಹಿಡಿದು ಮೆರವಣಿಗೆಯಲ್ಲಿ ಕೂತವರಂತೆ ನೆಟ್ಟಗೆ ಕೂತಿದ್ದರು. ಅಂಗಡಿಯ ಕಟ್ಟೆಯ ಮೇಲೆ ದಲ್ಲಾಲಿಗಳೆಲ್ಲ ಸೇರಿದ್ದರು. “ಏನ್ರಿ ಸಾವ್ಕಾರ್ರೆ, ಮಿಡತೆಗೆ ಎತ್ತು ಹೂಡೀರಿ?” ಎಂದು ಒಬ್ಬ ನಕ್ಕ. ದೊಡ್ಡಪ್ಪ, “ವಯಸ್ಸಾಗಿತ್ತಪ್ಪ ಗಾಡಿಗೆ,” ಎಂದರು.

“ವಯಸ್ಸಲ್ಲ. ಕಾದ ಎಂಜಿನ್ನಿಗೆ ತಣ್ಣೀರು ಹೊಯ್ದರೆ ಬ್ಲಾಕು ಸೀಳುತ್ತೆ. ದೊಡ್ಡಪ್ಪನೇ ಹೊಯ್ದದ್ದು,” ಎಂದೆ.

ಯಾರೂ ನಗಲಿಲ್ಲ. ದೊಡ್ಡಪ್ಪ ನಿಧಾನವಾಗಿ ಇಳಿದು ಒಳಗೆ ಹೋದರು.

೨೩ ಮಾರ್ಚ್

ಗ್ಯಾರೇಜಿನ ಬೋರಣ್ಣ ಬಂದು ಸೀಳಿನ ಉದ್ದಕ್ಕೂ ಉಗುರು ಎಳೆದು ತಲೆಯಾಡಿಸಿದ. ಬೆಸುಗೆ ನಿಲ್ಲುವುದಿಲ್ಲವಂತೆ. ಈ ಎಂಜಿನ್ ಹೊಸದಾಗಿ ಬೇಕೆಂದರೆ ಹಡಗಿನಲ್ಲಿ ಬರಬೇಕು, ಹಡಗಿನಲ್ಲಿ ಬರಲು ಸರ್ಕಾರದ ಪರವಾನಗಿ ಬೇಕು. ಅಂದರೆ ಬರುವುದಿಲ್ಲ.

ದೊಡ್ಡಮ್ಮ ದ್ರಾಕ್ಷಾಯಣಮ್ಮ ಬಾಗಿಲ ಹಿಂದಿನಿಂದಲೇ, “ಗುಜರಿಗೆ ಹಾಕ್ರಿ ಅತ್ಲಾಗೆ. ಜಟಕಾ ಇಲ್ಲೇನು, ಬಸ್ಸಿಲ್ಲೇನು?” ಎಂದರು.

ದೊಡ್ಡಪ್ಪ ಅದನ್ನು ಕೇಳಿಸಿಕೊಳ್ಳದವರಂತೆ, “ಬೇರೆ ಎಂಜಿನ್ ಹಾಕೋಣ. ಯಾವ್ದು ಅಂತ ಇವನೇ ಆರಿಸ್ಲಿ,” ಎಂದು ನನ್ನ ಕಡೆ ಗದ್ದ ಎತ್ತಿದರು. “ಸರಿಹೋದ್ರೆ ಗ್ಯಾರೇಜು ಕೆಲ್ಸಕ್ಕೇ ಹೋಗ್ಲಿ, ನಾನು ಅಡ್ಡ ಬರಲ್ಲ. ಸರಿಹೋಗ್ಲಿಲ್ಲ ಅಂದ್ರೆ ಬಾಯಿ ಮುಚ್ಕೊಂಡು ಬಂದು ಅಂಗಡಿ ಗಾದಿ ಮ್ಯಾಲೆ ಕೂಡ್ಲಿ.”

ಗಾದಿಯ ಮೇಲೆ ಕೂರುವುದು ನನ್ನಿಂದ ಆಗದ ಕೆಲಸ. ಸ್ವಲ್ಪ ಹೊತ್ತು ಕೂತರೆ ಮಂಡಿ ತಾನಾಗಿ ಕುಣಿಯಲು ಶುರುವಾಗುತ್ತದೆ. ಶಾಲೆಯಲ್ಲೂ ಹಾಗೇ ಇತ್ತು. ಆದರೆ ಶಾಲೆ ಬಿಟ್ಟದ್ದು ಅದಕ್ಕಲ್ಲ. ಇನ್‌ಸ್ಪೆಕ್ಟರ್ ಬಂದಾಗ ವಾಚನಾಲಯದ ಪುಸ್ತಕ ಓದುತ್ತೀರಾ ಎಂದು ಕೇಳಿದರು. ಎಲ್ಲರೂ ಹೂಂ ಎಂದರು. ಆ ಬೀರುವಿನ ಬೀಗ ತೆಗೆದದ್ದನ್ನು ನಾನು ನೋಡಿಯೇ ಇಲ್ಲ ಎಂದೆ. ಆಮೇಲೆ ಅಲ್ಲಿ ಉಳಿಯಲು ಮೇಷ್ಟರಿಗೂ ಕಷ್ಟ, ನನಗೂ ಕಷ್ಟ. ಊರಲ್ಲಿ ಅಪ್ಪ ಬಡಿಗೆ ಹಿಡಿದರು. ದೊಡ್ಡಪ್ಪ ಮಾತ್ರ ಇಲ್ಲೇ ಇರಲಿ ಬಿಡು ಎಂದರು.

೨೮ ಮಾರ್ಚ್

ಬೋರಣ್ಣನ ಗ್ಯಾರೇಜಿನಲ್ಲಿ ಮಿಡತೆಯ ಎಂಜಿನ್ ಕೆಳಗಿಳಿಸಿದೆವು. ಬಾನೆಟ್ ಎತ್ತಿದರೆ ಖಾಲಿ. ಹಲ್ಲು ಕಿತ್ತ ಬಾಯಿಯ ಹಾಗೆ.

ಅವನ ಬಳಿ ಎರಡು ಎಂಜಿನ್ ಇವೆ. ಒಂದು ಯುದ್ಧಕಾಲದ ಮಿಲಿಟರಿ ಜೀಪಿನದು. ಬಂಡೆಯಂಥ ಎಂಜಿನ್. ಅದನ್ನು ಇಟ್ಟರೆ ಮಿಡತೆಯ ಮೂತಿ ನೆಲ ನೋಡುತ್ತದೆ, ಚಾಸಿಯನ್ನು ಎರಡು ಕಡೆ ಕೊಯ್ಯಬೇಕು, ಜೀಪಿನದೇ ಗೇರು, ಜೀಪಿನದೇ ಕ್ಲಚ್ಚು ಹಾಕಬೇಕು. ದೊಡ್ಡಪ್ಪನಿಗೆ ಇದೇ ಇಷ್ಟ. “ಮಿಡತೆಗೆ ಗೂಳಿ ಎದೆ,” ಎನ್ನುತ್ತಾರೆ.

ಇನ್ನೊಂದು ಫಿಯಟ್ಟಿನದು. ಶಾಮನೂರಿನ ಹತ್ತಿರ ಹಳ್ಳಕ್ಕೆ ಬಿದ್ದ ಕಾರಿನಿಂದ ಬಿಚ್ಚಿದ್ದು. ಹಗುರ, ಚುರುಕು. ನಡುವೆ ಲೇತಿನಲ್ಲಿ ಒಂದು ಕಬ್ಬಿಣದ ತಟ್ಟೆ ಕಡೆಸಿ ಹಾಕಿದರೆ ಮಿಡತೆಯ ಗೇರ್ ಬಾಕ್ಸಿಗೆ ಕೂರುತ್ತದೆ. ನಿಧಾನಕ್ಕೆ ಹೋಗುವಾಗ ಅದಕ್ಕೆ ಜೀವವಿಲ್ಲ, ಕಿರುಚುವಷ್ಟು ಓಡಿಸಬೇಕು, ಗಳಿಗೆಗೊಮ್ಮೆ ಗೇರು ಬದಲಿಸುತ್ತಿರಬೇಕು. ನನಗೆ ಬೇಕಾದದ್ದು ಅದೇ. ಹಾಗೆ ಓಡಿದರೆ ಹರಿಹರದ ದಾರಿಯಲ್ಲಿ ಯಾವ ಬಸ್ಸೂ ನಮ್ಮ ಮುಂದಿರುವುದಿಲ್ಲ. ಬರೆದುಬಿಡುತ್ತೇನೆ: ಫಿಯಟ್ ನನಗೆ ಬೇಕು. ದೊಡ್ಡಪ್ಪನಿಗೆ ಬೇಕೋ ಇಲ್ಲವೋ ನಾನು ಯೋಚಿಸಿಲ್ಲ.

ಜೀಪಿನ ಎಂಜಿನ್ನನ್ನು ಸೀಮೆಎಣ್ಣೆಯಲ್ಲಿ ತೊಳೆಯುವಾಗ ಹಿಂಬದಿಯಲ್ಲಿ ಹಳೆಯ ಬೆಸುಗೆಯ ಗೆರೆ ಕಂಡಿತು. ಮೇಲೆ ಬಣ್ಣ ಬಳಿದಿದ್ದರು.

೪ ಏಪ್ರಿಲ್, ಮಂಗಳವಾರ

ಇವತ್ತು ಪೇಟೆಯಲ್ಲಿ ಆದದ್ದು.

ಹತ್ತಿ ವ್ಯಾಪಾರ ನಮ್ಮಲ್ಲಿ ಬಾಯಲ್ಲಿ ನಡೆಯುವುದಿಲ್ಲ. ಕೊಳ್ಳುವವನೂ ದಲ್ಲಾಲಿಯೂ ಕೈಗೆ ಕೈ ಕೊಟ್ಟು ಮೇಲೆ ಟವೆಲ್ ಮುಚ್ಚಿಕೊಳ್ಳುತ್ತಾರೆ. ಒಳಗೆ ಬೆರಳು ಹಿಡಿದು ದರ ಹೇಳುತ್ತಾರೆ. ಒಂದು ಬೆರಳಿಗೆ ಒಂದು ಅರ್ಥ, ಮೂರು ಬೆರಳಿಗೆ ಇನ್ನೊಂದು. ಸುತ್ತ ನೂರು ಜನ ನಿಂತಿದ್ದರೂ ಯಾರಿಗೂ ತಿಳಿಯುವುದಿಲ್ಲ. ನನಗೆ ಅದನ್ನು ನೋಡಿದರೆ ಮೊದಲಿನಿಂದಲೂ ಆಗುವುದಿಲ್ಲ. ಮುಚ್ಚಿಟ್ಟದ್ದೆಲ್ಲ ಕಳ್ಳತನ ಅನ್ನಿಸುತ್ತದೆ.

ಮಧ್ಯಾಹ್ನ ಬೋರಣ್ಣ ಅಂಗಡಿಗೆ ಬಂದಿದ್ದ. ಏಳೆಂಟು ದಲ್ಲಾಲಿಗಳೂ ಇದ್ದರು. ದೊಡ್ಡಪ್ಪ ನಗುತ್ತ ಹೆಗಲ ಟವೆಲ್ ತೆಗೆದು ನನ್ನ ಕಡೆ ಚಾಚಿದರು. “ಬಾರಲೇ, ಎಂಜಿನ್ ದರ ಹೇಳು. ಒಂದು ಅಂದ್ರೆ ಜೀಪು, ಎರಡು ಅಂದ್ರೆ ಫಿಯಟ್ಟು.” ಎಲ್ಲರೂ ನಕ್ಕರು.

ನಾನು ಟವೆಲ್ಲನ್ನು ಸರಿಸಿ, “ಇದರಾಗೆ ಮುಚ್ಚಿಡೋದೇನೈತೆ ದೊಡ್ಡಪ್ಪ? ಜೀಪಿನ ಎಂಜಿನ್ ಬ್ಯಾಡ. ಅದರ ಬ್ಲಾಕಿಗೆ ಬೆಸುಗೆ ಹಾಕಿ ಬಣ್ಣ ಬಳಿದಾರೆ. ನಾನೇ ಕಂಡೀನಿ,” ಎಂದೆ.

ಬೋರಣ್ಣ ಎದ್ದು ನಿಂತ. ಕೋಪದಲ್ಲಿ ಅವನು ಕೂಗುವುದಿಲ್ಲ, ಸಣ್ಣ ದನಿ ಮಾಡುತ್ತಾನೆ. “ಬೆಸುಗೆ ಐತೆ. ಬಣ್ಣ ನಾನು ಬಳಿದದ್ದಲ್ಲ, ಹಂಗೇ ಬಂದದ್ದು. ನಿಮ್ಮ ದೊಡ್ಡಪ್ಪಗೆ ಮೊನ್ನೇನೇ ಹೇಳೀನಿ. ಕೇಳು ಬೇಕಾರೆ.”

ದೊಡ್ಡಪ್ಪ ಹೌದೆಂದು ತಲೆಯಾಡಿಸಿದರು. ಬೋರಣ್ಣ ಚಪ್ಪಲಿ ಮೆಟ್ಟಿ ಹೊರಟುಹೋದ. ಅಲ್ಲಿದ್ದ ಇಬ್ಬರ ಲಾರಿಗಳು ಅವನ ಗ್ಯಾರೇಜಿಗೇ ಹೋಗುತ್ತವೆ. ಅವರು ಮುಖ ಮುಖ ನೋಡಿಕೊಂಡರು.

ಎಲ್ಲ ಹೋದ ಮೇಲೆ ದೊಡ್ಡಪ್ಪ ಟವೆಲ್ ಮಡಚುತ್ತ ಹೇಳಿದರು: “ಇದರ ಕೆಳಗೆ ನಾನು ಇಷ್ಟು ವರ್ಷದಾಗೆ ಸುಳ್ಳು ಹೇಳಿಲ್ಲ ಕಲ್ಲೇಶಿ. ಸುಳ್ಳು ಹೇಳೋನ ಕೈ ಮತ್ತೆ ಯಾರೂ ಹಿಡಿಯಲ್ಲ. ಆದ್ರೆ ನಿಜ ಕೇಳಬೇಕಾದೋನು ಒಬ್ನೇ ಇರ್ತಾನೆ. ಉಳಿದೋರಿಗೆ ಯಾಕ ಅದು?”

ಆದರೂ ನಾನು ಹೇಳಿದ್ದು ನಿಜ.

೫ ಏಪ್ರಿಲ್

ಗ್ಯಾರೇಜಿಗೆ ಹೋದೆ. ಬೋರಣ್ಣ ಬಾಗಿಲಲ್ಲೇ ತಡೆದು, “ನೀನು ಬರ್ಬ್ಯಾಡಪ್ಪ. ಒಳಗೆ ಇನ್ನೂ ಏನೇನಕ್ಕೆ ಬೆಸುಗೆ ಹಾಕೀನೋ,” ಎಂದ.

೮ ಏಪ್ರಿಲ್

ಬಿಸಿಲು. ಸೈಕಲ್ಲಿನಲ್ಲಿ ಶಾಮನೂರಿನವರೆಗೆ ಹೋಗಿ ತಿರುಗಿ ಬಂದೆ. ಮತ್ತೆ ಹೋದೆ. ಮತ್ತೆ ಬಂದೆ.

೧೦ ಏಪ್ರಿಲ್, ಸೋಮವಾರ

ದೊಡ್ಡಪ್ಪ ಬೆಳಿಗ್ಗೆ ರುಮಾಲು ಸುತ್ತಿಕೊಂಡರು. ಕೂಡಲೇ ಬಿಚ್ಚಿ ಗೂಟಕ್ಕೆ ಹಾಕಿ ತೂಗುಮಂಚದ ಮೇಲೆ ಕೂತರು. ಬಸ್ಸಿನಲ್ಲಿ ಹೋಗಿಬನ್ನಿ ಎಂದು ದೊಡ್ಡಮ್ಮ ಹೇಳಿದ್ದಕ್ಕೆ, “ಬಸ್ಸು ನದಿ ಹತ್ರ ನಿಲ್ಲಲ್ಲ,” ಎಂದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಸೈಕಲ್ ಹತ್ತಿದೆ.

ಹರಿಹರದಲ್ಲಿ ನದಿ ಬೇಸಿಗೆಗೆ ಸೊರಗಿದೆ, ಅರ್ಧ ಮರಳು. ಸೇತುವೆಯ ಕೆಳಗೆ ನೆರಳಲ್ಲಿ ಕೂತು ಮಂಡಕ್ಕಿಯ ಪೊಟ್ಟಣ ಬಿಚ್ಚಿದ್ದೆ. ಆಗ ಮಿಡತೆಯ ದನಿ ಕೇಳಿಸಿತು.

ಗಾಬರಿಯಾಗಿ ಎದ್ದೆ. ಸೇತುವೆಯ ಮೇಲೆ ಏನೂ ಇರಲಿಲ್ಲ. ದನಿ ಬರುತ್ತಿದ್ದದ್ದು ದಂಡೆಯ ಎಲೆಬಳ್ಳಿ ತೋಟದೊಳಗಿನಿಂದ. ಮಿಡತೆಯದೇ ಆ ಗಂಟಲು, ಆದರೆ ನಿಧಾನ, ವಯಸ್ಸಾದವರು ಮಾತಾಡಿದ ಹಾಗೆ. ಬೇಲಿ ದಾಟಿ ಹೋದೆ. ತೆಂಗಿನ ಗರಿಯ ಚಪ್ಪರದ ಕೆಳಗೆ ಒಂದು ಕಾರಿನ ಎಂಜಿನ್ ಮರದ ದಿಮ್ಮಿಗಳ ಮೇಲೆ ಕೂತು ಪಟ್ಟಿ ತಿರುಗಿಸಿ ನೀರೆತ್ತುತ್ತಿತ್ತು.

“ಯಾರಲೇ ಅದು? ಎಲೆ ಕದಿಯಾಕೆ ಬಂದೀಯಾ?” ಗುದ್ದಲಿ ಹಿಡಿದು ಒಬ್ಬ ಹೆಂಗಸು ಬಂದಳು. ಐವತ್ತರ ಮೇಲಿನ ವಯಸ್ಸು, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿದ್ದಳು.

“ಎಲೆ ಅಲ್ಲಬೇ. ಎಂಜಿನ್ ನೋಡಾಕೆ ಬಂದೆ.”

“ಎಂಜಿನ್ ಕದಿಯೋನು ಸೈಕಲ್ಲಾಗೆ ಬರ್ತಾನೇನು? ಕೂಡು, ಮಜ್ಜಿಗೆ ಕೊಡ್ತೀನಿ.”

ಅವಳ ಹೆಸರು ಉಚ್ಚೆಂಗೆಮ್ಮ. ಗಂಡ ಕೆಂಚವೀರಪ್ಪ ಹುಬ್ಬಳ್ಳಿಯಲ್ಲಿ ಡಾಕ್ಟರೊಬ್ಬರ ಡ್ರೈವರಾಗಿದ್ದನಂತೆ. ಅವರ ಹಿಂದೂಸ್ಥಾನ್ ಟೆನ್ ಕಾರು ಮರಕ್ಕೆ ಗುದ್ದಿ ಮೈ ಹಾಳಾದಾಗ ಎಂಜಿನ್ ಇವನಿಗೆ ಕೊಟ್ಟರು. ಈಗ ಗಂಡ ಇಲ್ಲ. ಎಂಜಿನ್ ಪೆಟ್ರೋಲಿನಲ್ಲಿ ಎದ್ದು ಸೀಮೆಎಣ್ಣೆಯಲ್ಲಿ ಓಡಿ ತೋಟ ಸಾಕುತ್ತಿದೆ. ಮಳೆಗಾಲದ ಹೊತ್ತಿಗೆ ಕರೆಂಟಿನ ಕಂಬ ಬರುತ್ತದೆ, ಆಮೇಲೆ ಇದು ಬೇಡ ಎಂದಳು.

ಅದರ ಬೆನ್ನಿನ ಕಡೆ, ಗೇರ್ ಬಾಕ್ಸ್ ಕೂರುವ ಜಾಗದಲ್ಲಿದ್ದ ಬೋಲ್ಟಿನ ತೂತುಗಳನ್ನು ನೋಡಿದೆ. ಎಲ್ಲೋ ನೋಡಿದ ಮುಖ.

೧೨ ಏಪ್ರಿಲ್

ಅಳತೆಗೆ ಮಿಡತೆಯ ಹಳೇ ಎಂಜಿನ್ ಬೇಕು. ಅದು ಬೋರಣ್ಣನ ಗ್ಯಾರೇಜಿನಲ್ಲಿದೆ. ಬೇರೆ ದಾರಿಯಿರಲಿಲ್ಲ, ಹೋದೆ. ಅವನು ಲಾರಿಯ ಕೆಳಗೆ ಮಲಗಿದ್ದ. ನಾನೂ ಬಗ್ಗಿ ಕೆಳಗೇ ಮಾತಾಡಿದೆ. “ಬೋರಣ್ಣ, ಅವತ್ತು ನಾನು ಹೇಳಿದ್ದು ಸುಳ್ಳಲ್ಲ. ಹೇಳಿದ ಜಾಗ ತಪ್ಪು.”

“ಇದೇನಲೇ, ತಪ್ಪಾತು ಅಂತ ಕೇಳೋದೋ, ಇನ್ನೊಂದು ಸಲ ಬೈಯೋದೋ?”

“ತಪ್ಪಾತು ಅಂತಾನೇ.”

“ಹಂಗಾರೆ ಆ ಹದಿನಾಲ್ಕರ ಪಾನಾ ಕೊಡು.”

ಪಾನಾ ಕೊಟ್ಟೆ. ಆಮೇಲೆ ಉಚ್ಚೆಂಗೆಮ್ಮನ ಎಂಜಿನ್ ವಿಷಯ ಹೇಳಿದೆ. ಅವನು ಹೊರಗೆ ಬಂದು ಕೈ ಒರೆಸಿಕೊಂಡು ಸೀಳಿದ ಎಂಜಿನ್ನಿನ ಬೆನ್ನಿಗೆ ಎಣ್ಣೆ ಸವರಿ, ಕಂದು ಕಾಗದ ಒತ್ತಿ ತೂತುಗಳ ಗುರುತು ತೆಗೆದುಕೊಟ್ಟ. ಸಂಜೆಗೆ ಹರಿಹರ ತಲುಪಿ ಆ ಕಾಗದವನ್ನು ಪಂಪಿನ ಎಂಜಿನ್ನಿನ ಬೆನ್ನಿಗೆ ಹಿಡಿದೆ. ಎಲ್ಲ ತೂತೂ ಕೂತವು. ಒಂದು ಮಾತ್ರ ಕೂದಲೆಳೆಯಷ್ಟು ಆಚೆ ಇತ್ತು. ಕಾಗದ ಎಣ್ಣೆ ಕುಡಿದು ಹಿಗ್ಗಿತ್ತು, ಅಷ್ಟೇ.

ಇದು ಮಿಡತೆಯ ಎಂಜಿನ್ನಿನ ಅಣ್ಣ. ಒಂದೇ ತಾಯಿಯ ಮಕ್ಕಳು. ಇವನದು ಸ್ವಲ್ಪ ಸಣ್ಣ ಎದೆ, ಓಟ ಕಡಿಮೆ. ಅದಕ್ಕೇ ಮನಸ್ಸು ಇನ್ನೂ ಫಿಯಟ್ಟಿನ ಕಡೆಗೇ ಇದೆ.

೨೦ ಏಪ್ರಿಲ್

ಉಚ್ಚೆಂಗೆಮ್ಮನ ಕರಾರು ಇದು: ಕರೆಂಟು ಬರುವವರೆಗೆ ಎಂಜಿನ್ ಕೊಡುವುದಿಲ್ಲ, ಆದರೆ ದಿನಾ ಬೆಳಿಗ್ಗೆ ಬಂದು ಹ್ಯಾಂಡಲ್ ಹೊಡೆದು ನೀರು ಹಾಯಿಸಿಕೊಟ್ಟರೆ ಬೇರೆ ಯಾರಿಗೂ ಮಾರುವುದಿಲ್ಲ. ಹ್ಯಾಂಡಲ್ ಹೊಡೆದು ಅವಳ ಭುಜ ನೋಯುತ್ತದೆ. ಕೊಳ್ಳುತ್ತೇನೋ ಇಲ್ಲವೋ ಇನ್ನೂ ಗೊತ್ತಿಲ್ಲ ಎಂದು ಮೊದಲೇ ಹೇಳಿದೆ. “ಗೊತ್ತಾಗೋ ತನಕ ಹೊಡಿ,” ಎಂದಳು.

ದಿನಾ ಹೋಗುತ್ತಿದ್ದೇನೆ. ಎಂಜಿನ್ ಶುರು ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸಿ, ಮಡಿಯಿಂದ ಮಡಿಗೆ ನೀರು ಕಟ್ಟುವುದು. ಎಲೆಬಳ್ಳಿಗೆ ನೀರು ನುಗ್ಗಿಸಬಾರದು, ಬೇರು ಕೊಳೆಯುತ್ತದೆ. ಮೆಲ್ಲಗೆ ಬಿಡಬೇಕು. ಮೊದಲ ದಿನ ಬೇಗ ಮುಗಿಸೋಣವೆಂದು ಒಂದೇ ಸಲ ಬಿಟ್ಟೆ. ಬೈಸಿಕೊಂಡೆ.

ಇವತ್ತು ಮಿಡತೆಯ ಮಾತು ಬಂತು. “ಆ ಹಸ್ರು ಗಾಡಿ ನಿಮ್ಮ ದೊಡ್ಡಪ್ಪಂದೇನು?” ಎಂದಳು ಉಚ್ಚೆಂಗೆಮ್ಮ. “ಸೋಮಾರ ಸೋಮಾರ ಅದರ ದನಿ ಕೇಳ್ಕೊಂಡೇ ನಾನು ಬುತ್ತಿ ಬಿಚ್ತಿದ್ದೆ. ಸೇತುವೆ ದಾಟೋವಷ್ಟರಾಗೆ ಮೂರು ಸಲ ದನಿ ಬದಲ್ಸೋದು. ಈಗ ಸಂಕ್ರಾಂತಿಯಿಂದ ಈಚೆಗೆ ಏನಾಗಿತ್ತೋ, ಒಂದೇ ರಾಗ. ಊರಿಂದ ಬರೋವಾಗ್ಲೂ ಅದೇ, ಹೋಗೋವಾಗ್ಲೂ ಅದೇ. ಪಾಪ, ಹೊಯ್ಕೊಂತಾ ಬರೋದು.”

ಮನೆಗೆ ಬರುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಒಂದೇ ರಾಗ. ಎರಡನೇ ಗೇರು. ಒಂಬತ್ತು ಮೈಲಿ ಎರಡನೇ ಗೇರಿನಲ್ಲೇ ಓಡಿಸಿದರೆ ಯಾವ ಎಂಜಿನ್ ಕುದಿಯುವುದಿಲ್ಲ? ವೇಗ ಏರಿದ ಮೇಲೆ ಗೇರು ಬದಲಿಸಲು ಮರೆಯುವವರಲ್ಲ ದೊಡ್ಡಪ್ಪ.

ಸಂಜೆ ಅವರು ಅಂಗಡಿಯಿಂದ ಬಂದರು. ಹೊಸ್ತಿಲ ಹತ್ತಿರ ನಿಂತು, ಸುತ್ತ ನೋಡಿ, ಎಡಗಾಲಿನ ತೊಡೆಯ ಕೆಳಗೆ ಕೈ ಕೊಟ್ಟು ಕಾಲನ್ನು ಎತ್ತಿ ಒಳಗಿಟ್ಟರು. ನಾನು ಕಂಬದ ಮರೆಯಲ್ಲಿದ್ದೆ.

ಕ್ಲಚ್ಚು ಒತ್ತುವುದು ಎಡಗಾಲಿನಲ್ಲಿ. ಅದನ್ನು ಒತ್ತದೆ ಗೇರು ಬದಲಾಗದು.

೨೧ ಏಪ್ರಿಲ್

ಊಟಕ್ಕೆ ಕೂತಾಗ ಕೇಳಬೇಕೆಂದಿದ್ದೆ. ದೊಡ್ಡಮ್ಮ ರೊಟ್ಟಿ ಹಾಕುತ್ತಿದ್ದರು. ಕೇಳಲಿಲ್ಲ. ಯಾಕೆಂದು ಗೊತ್ತಿಲ್ಲ. ರೊಟ್ಟಿ ಬಿಸಿಯಾಗಿತ್ತು.

೩೦ ಏಪ್ರಿಲ್, ಭಾನುವಾರ

ದೊಡ್ಡಪ್ಪ ಕೇಳಿಯೇಬಿಟ್ಟರು. “ಏನಪ್ಪ, ನಿನ್ನ ಎಂಜಿನ್ ಲಗ್ನ ಗೊತ್ತಾತೋ ಇಲ್ಲೋ?”

ಉಚ್ಚೆಂಗೆಮ್ಮನ ಪಂಪಿನ ಎಂಜಿನ್ ಎಂದೆ. ಬೋಲ್ಟು ಹೊಂದುತ್ತವೆ, ಮಿಡತೆಯ ಗೇರ್ ಬಾಕ್ಸು ಹಾಗೇ ಉಳಿಯುತ್ತದೆ, ಮೈಗೆ ಗರಗಸ ತಾಗಿಸಬೇಕಿಲ್ಲ. ಜೀಪಿನ ಕ್ಲಚ್ಚು ಕಲ್ಲಿನಂತಿರುತ್ತದೆ. ಫಿಯಟ್ಟಿಗೆ ಗಳಿಗೆಗೊಮ್ಮೆ ಗೇರು ಬದಲಿಸಬೇಕು. ಇದು ಹಾಗಲ್ಲ, ನಿಧಾನದಲ್ಲೂ ಎಳೆಯುತ್ತದೆ. ಇಷ್ಟನ್ನೂ ಹೇಳಿದೆ. ಕೆಟ್ಟದ್ದನ್ನೂ ಹೇಳಿದೆ: “ಮೊದಲಿನ ಓಟ ಇರಲ್ಲ ದೊಡ್ಡಪ್ಪ. ಗಂಟೆಗೆ ಐವತ್ತು ಮೈಲಿ ದಾಟಿದ್ರೆ ಪುಣ್ಯ.”

ಅವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. “ನೀನು ಫಿಯಟ್ಟು ಅಂತಿದ್ದೆಲ್ಲ?”

“ಅಂತಿದ್ದೆ.”

“ಈಗ?”

“ಈಗ ಇಲ್ಲ.”

ಮತ್ತೆ ಅಡಿಕೆ ಕತ್ತರಿಸತೊಡಗಿದರು. “ಐವತ್ತು ಸಾಕು ಬಿಡು. ಹರಿಹರ ಏನು ಎದ್ದು ಎಲ್ಲಿಗೂ ಹೋಗಲ್ಲ.”

ಉಚ್ಚೆಂಗೆಮ್ಮನ ಜೊತೆಗಿನ ವ್ಯವಹಾರ ಅವರೇ ಮುಗಿಸಿದರು.

೯ ಮೇ

ಕಂಬ ಬಂತು. ತಂತಿ ಬರಲಿಲ್ಲ.

೧೫ ಮೇ, ಸೋಮವಾರ

ತಂತಿ ಇನ್ನೂ ಇಲ್ಲ. ಉಚ್ಚೆಂಗೆಮ್ಮ ಎಲೆ ಕೊಯ್ದು ಕಟ್ಟು ಕಟ್ಟುವುದನ್ನು ಕಲಿಸಿದಳು. ಎಳೆಯದು ಒಳಗೆ, ಬಲಿತದ್ದು ಹೊರಗೆ. ನೂರು ಎಲೆಗೊಂದು ಕಟ್ಟು, ಕೆಳಗೆ ಬಾಳೆ ನಾರು. ಬುಟ್ಟಿ ತುಂಬುವವರೆಗೆ ಕೂತೆವು. ತಲೆಯೆತ್ತಿದಾಗ ಬಿಸಿಲು ಇಳಿದಿತ್ತು. ಎಂಜಿನ್ ಹಿಂದೆ ಒಂದೇ ಸಮ ಗುನುಗುತ್ತಿತ್ತು. ಅದರ ನಾಲ್ಕನೇ ಸಿಲಿಂಡರು ತಂಪು ಹೊತ್ತಿನಲ್ಲಿ ಒಂದಿಷ್ಟು ತಡವರಿಸುತ್ತದೆ. ಬಿಸಿಯಾದ ಮೇಲೆ ಸರಿಯಾಗುತ್ತದೆ. ಇದನ್ನು ಬೋರಣ್ಣನಿಗೆ ಹೇಳಬೇಕು.

೨೪ ಮೇ

ಕರೆಂಟು ಬಂತು. ಉಚ್ಚೆಂಗೆಮ್ಮ ಗುಂಡಿ ಒತ್ತಿದಳು. ಮೋಟಾರು ಸೊಳ್ಳೆಯ ಹಾಗೆ ಗುಂಯ್ ಎಂದು ನೀರು ಎತ್ತಿತು. ಅವಳು ಸ್ವಲ್ಪ ಹೊತ್ತು ನಿಂತು ಕೇಳಿ, “ಇದಕ್ಕೆ ಮಾತೇ ಬರಲ್ಲಲ್ಲೋ,” ಎಂದಳು.

ಎಂಜಿನ್ನನ್ನು ಬಂಡಿಗೆ ಹೇರುವಾಗ ಅದಕ್ಕೆ ವಿಭೂತಿ ಹಚ್ಚಿ, “ಸೇತುವೆ ಮ್ಯಾಲೆ ಬಂದಾಗ ಹಾರ್ನ್ ಹೊಡೀಬ್ಯಾಡ, ನನಗೆ ದನಿ ಗೊತ್ತಾಗ್ತೈತೆ,” ಎಂದಳು.

೨ ಜೂನ್, ಶುಕ್ರವಾರ

ಕೂತಿತು. ಎಂಜಿನ್ನಿನ ಬೆನ್ನು ಮಿಡತೆಯ ಗೇರ್ ಬಾಕ್ಸಿಗೆ ಕೈ ಅಂಗಿಯ ತೋಳಿಗೆ ಹೋದಷ್ಟು ಸಲೀಸಾಗಿ ಹೋಯಿತು. ಮಿಡತೆಯ ಎರಡು ಕಾರ್ಬ್ಯುರೇಟರ್ ಇದಕ್ಕೆ ಹೊಂದಲಿಲ್ಲ. ಒಂದರಲ್ಲೇ ಇರಲಿ ಎಂದ ಬೋರಣ್ಣ. ಮಧ್ಯಾಹ್ನ ಹ್ಯಾಂಡಲ್ ಹೊಡೆದೆ. ಎರಡನೇ ಸಲಕ್ಕೇ ಎದ್ದಿತು.

ದೊಡ್ಡಪ್ಪನಿಗೆ ಹೇಳಿಕಳಿಸಿದೆವು. ಬಂದು ಸ್ಟಿಯರಿಂಗಿನ ಮುಂದೆ ಕೂತರು. ಎಡಗಾಲನ್ನು ಕ್ಲಚ್ಚಿನ ಮೇಲಿಟ್ಟು ಒತ್ತಿದರು. ಹಣೆಯಲ್ಲಿ ಬೆವರು ಬಂತು. ಮೊದಲನೇ ಗೇರು ಹಾಕುವಷ್ಟರಲ್ಲಿ ಕಾಲು ಜಾರಿತು. ಗಾಡಿ ಕುಪ್ಪಳಿಸಿ ಸತ್ತಿತು. ಇನ್ನೊಂದು ಸಲವೂ ಹಾಗೇ.

“ಕ್ಲಚ್ಚು ಹೊಸಾದು, ಬಿಗಿ ಐತೆ,” ಎಂದರು.

ಕ್ಲಚ್ಚು ಹಳೆಯದೇ. ಬೋರಣ್ಣ ನನ್ನ ಮುಖ ನೋಡಿದ. ನಾನು ಏನಾದರೂ ಅನ್ನುತ್ತೇನೆಂದು ಕಾದನೇನೋ. ನಾನು ಬಗ್ಗಿ ನೆಲದ ಮೇಲಿದ್ದ ಸ್ಪ್ಯಾನರುಗಳನ್ನು ಆರಿಸಿಟ್ಟೆ.

“ಸೋಮವಾರ ನೋಡೋಣ,” ಎಂದು ದೊಡ್ಡಪ್ಪ ಇಳಿದು ಜಟಕಾ ಕರೆಸಿದರು. ಅವರು ಹೋದ ಮೇಲೆ ಬೋರಣ್ಣ ಹೇಳಿದ: “ಸ್ಪ್ರಿಂಗ್ ಎಷ್ಟು ಮೆತ್ತಗೆ ಮಾಡಿದ್ರೂ ಕ್ಲಚ್ಚು ಕ್ಲಚ್ಚೇ ಕಣಪ್ಪ. ಇದಕ್ಕೆ ಎಂಜಿನ್ ಬದಲ್ಸಿ ಪ್ರಯೋಜನ ಇಲ್ಲ.”

ಅದು ನನಗೂ ಗೊತ್ತು. ಎಂಜಿನ್ ಆರಿಸಿದ್ದು ಸರಿಯೇ. ಅದು ಅವರನ್ನು ಸೋಮವಾರ ಹರಿಹರಕ್ಕೆ ಒಯ್ಯದಿದ್ದರೆ ಸರಿಯಾಗಿದ್ದು ಏನು?

೫ ಜೂನ್, ಸೋಮವಾರ

ಅಂಗಡಿಯ ಮುಂದೆ ಮಿಡತೆಯನ್ನು ನಿಲ್ಲಿಸಿದ್ದೆವು. ಚಕ್ರದ ಕೆಳಗೆ ನಿಂಬೆಹಣ್ಣು, ಬಾನೆಟ್ಟಿಗೆ ಚೆಂಡುಹೂವಿನ ಸರ. ಕಟ್ಟೆಯ ಮೇಲೆ ಅವತ್ತು ನಕ್ಕವರೆಲ್ಲ ಕೂತಿದ್ದರು. ಬೋರಣ್ಣ ತೊಳೆದ ಅಂಗಿ ಹಾಕಿಕೊಂಡು ಬಂದಿದ್ದ. ದೊಡ್ಡಮ್ಮ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದರು.

ದೊಡ್ಡಪ್ಪ ಹೊಸ ರುಮಾಲು ಸುತ್ತಿ ಸ್ಟಿಯರಿಂಗಿನ ಮುಂದೆ ಕೂತರು. ಎಂಜಿನ್ ಎದ್ದು ಗುನುಗಿತು. ಎಲ್ಲರೂ ಹೋ ಎಂದರು. ದೊಡ್ಡಪ್ಪ ಹೊರಡಲಿಲ್ಲ. ಕನ್ನಡಿ ಸರಿ ಮಾಡಿದರು. ರುಮಾಲು ಸರಿ ಮಾಡಿದರು. ಕೆಳಗೆ ಅವರ ಎಡ ಮೊಣಕಾಲು ಸಣ್ಣಗೆ ನಡುಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಉಳಿದವರಿಗೆ ಬಾಗಿಲು ಅಡ್ಡ ಇತ್ತು.

“ಯಾಕ್ರಿ, ಪಂಚಾಂಗ ನೋಡ್ಬೇಕೇನು?” ಎಂದ ಕಟ್ಟೆಯ ಮೇಲಿನವನು.

ನನ್ನ ಹೆಗಲ ಮೇಲೆ ಕೈ ಒರೆಸುವ ಟವೆಲ್ಲಿತ್ತು. ಹೋಗಿ ಆಚೆ ಬದಿಯ ಸೀಟಿನಲ್ಲಿ ಕೂತು, ದೊಡ್ಡಪ್ಪನ ಎಡಗೈಯನ್ನು ಹಿಡಿದು ಮೇಲೆ ಟವೆಲ್ ಮುಚ್ಚಿದೆ. ಒಳಗೆ ಅವರ ಎರಡು ಬೆರಳು ಒತ್ತಿದೆ. ಎರಡನೇ ಗೇರಿನ ವಿಷಯ ನನಗೆ ಗೊತ್ತು ಎಂದು.

ಅವರು ನನ್ನ ಕಡೆ ತಿರುಗಲಿಲ್ಲ, ಮುಂದೆ ರಸ್ತೆಯನ್ನೇ ನೋಡುತ್ತಿದ್ದರು. ನಾನು ಕೈ ಬಿಡಲಿಲ್ಲ. ಆ ಕೈಯನ್ನು ಟವೆಲ್ಲಿನ ಕೆಳಗೇ ಗೇರಿನ ಗುಂಡಿಯ ಮೇಲೆ ಇಟ್ಟು, ನನ್ನ ಎಡಗಾಲನ್ನು ಎರಡು ಸಲ ನೆಲಕ್ಕೆ ತಟ್ಟಿದೆ. ಗೇರು ನಿಮ್ಮದು, ಕಾಲು ನನ್ನದು.

ದಲ್ಲಾಲಿಗೆ ಬಿಡಿಸಿ ಹೇಳಬೇಕಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರ ಬೆರಳುಗಳು ನನ್ನ ಕೈಯನ್ನು ಹುಡುಕಿ ಗಟ್ಟಿಯಾಗಿ ಒಮ್ಮೆ ಅದುಮಿದವು. ಪೇಟೆಯಲ್ಲಿ ವ್ಯಾಪಾರ ಕುದುರಿದಾಗ ಹಾಗೆ ಅದುಮುತ್ತಾರೆ.

“ಏನ್ರಿ ಅದು, ಎಷ್ಟಕ್ಕೆ ಮುಗೀತು?” ಎಂದು ಕಟ್ಟೆಯವರು ಕೂಗಿದರು.

“ಮುಗೀತು,” ಎಂದರು ದೊಡ್ಡಪ್ಪ. “ಲೇ ಕಲ್ಲೇಶಿ, ನೀನು ಈ ಕಡೆ ಬಾ. ನಾನು ಆ ಕಡೆ ಕೂಡ್ತೀನಿ, ಬಿಸಿಲು ಕಣ್ಣಿಗೆ ಹೊಡಿತೈತೆ.”

ಜಾಗ ಬದಲಿಸಿಕೊಂಡೆವು. ಅವರು ಎಡಗಡೆ ಕೂತರೆ ಗೇರು ಅವರ ಬಲಗೈಗೇ ಬಂತು. ಟವೆಲ್ ಅಲ್ಲೇ ಇತ್ತು. ಕಟ್ಟೆಯವರು ನನ್ನನ್ನೇ ಕೇಳಿದರು, ನನ್ನ ಬಾಯಲ್ಲಿ ಏನೂ ನಿಲ್ಲುವುದಿಲ್ಲವೆಂದು ಅವರಿಗೆ ಗೊತ್ತು. ದೊಡ್ಡಪ್ಪನನ್ನೇ ಕೇಳ್ರಿ ಎಂದೆ. ಬೋರಣ್ಣ ಆ ಕಡೆ ತಿರುಗಿ ಮೀಸೆ ಒರೆಸಿಕೊಂಡ.

ಟವೆಲ್ಲಿನ ಕೆಳಗೆ ಗೇರಿನ ಗುಂಡಿಯ ಮೇಲೆ ನನ್ನ ಎಡಗೈ, ಅದರ ಮೇಲೆ ಅವರ ಕೈ. ಒಂದು ಬೆರಳು ಒತ್ತಿದರು. ಕ್ಲಚ್ಚು ಒತ್ತಿದೆ. ಅವರು ಮೊದಲನೇ ಗೇರು ಹಾಕಿದರು. ನಿಂಬೆಹಣ್ಣು ಚಿಟ್ಟೆಂದವು. ಪಿ.ಬಿ. ರಸ್ತೆಗೆ ಬಂದಾಗ ಎರಡು ಬೆರಳು. ಊರು ದಾಟಿದ ಮೇಲೆ ಮೂರು. ಒಂದೆರಡು ಸಲ ನಾನು ಕಾಲು ತಡ ಮಾಡಿ ಹಲ್ಲು ಕರಕರ ಎಂದವು. “ನಿನಗೆ ಅವಸರ ಇಲ್ಲಿತನಕ ಇತ್ತು, ಈಗ್ಯಾಕ ನಿದ್ದಿ?” ಎಂದು ಬೈದರು. ಎಲ್ಲಿ ಬದಲಿಸಬೇಕೆಂದು ಅವರಿಗೆ ಎಂಜಿನ್ನಿನ ದನಿಯಲ್ಲೇ ತಿಳಿಯುತ್ತಿತ್ತು. ನನಗೆ ತಿಳಿಯುವುದಕ್ಕಿಂತ ಮೊದಲೇ.

ಹರಿಹರದ ಸೇತುವೆ ಖಾಲಿಯಿತ್ತು. ಮೋಡ ಕವಿದಿತ್ತು, ನದಿಗೆ ಹೊಸ ನೀರು ಇನ್ನೂ ಬಂದಿರಲಿಲ್ಲ. ಸೇತುವೆಯ ಬಾಯಲ್ಲಿ ಎತ್ತಿನ ಬಂಡಿಗೆ ದಾರಿ ಬಿಟ್ಟು ನಿಂತು, ಮತ್ತೆ ಒಂದರಿಂದ ಶುರು ಮಾಡಿದೆವು. ಎರಡು. ಮೂರು. ನಡುಮಧ್ಯದಲ್ಲಿ ಅವರು ನನ್ನ ನಾಲ್ಕೂ ಬೆರಳು ಹಿಡಿದರು. ದನಿ ಮೂರನೇ ಸಲ ಬದಲಾಯಿತು. ದೊಡ್ಡಪ್ಪನ ರುಮಾಲಿನ ತುದಿ ಹಿಂದಕ್ಕೆ ಹಾರಿತು. ಎಲೆಬಳ್ಳಿ ತೋಟದಲ್ಲಿ ಯಾರೋ ಎದ್ದು ನಿಂತು ಕೈಯೆತ್ತಿದ ಹಾಗೆ ಕಂಡಿತು. ನಾನು ಹಾರ್ನ್ ಹೊಡೆಯಲಿಲ್ಲ.

ತಿರುಗಿ ಬಂದು ದಂಡೆಯಲ್ಲಿ ನಿಲ್ಲಿಸಿದೆವು. ಡಬ್ಬಿಗಳಿಗೆ ನೀರು ತುಂಬಿ ತಂದೆ. ರೇಡಿಯೇಟರ್ ಮುಟ್ಟಿ ನೋಡಿದೆ, ಬಿಸಿ ಇತ್ತು. ಡಬ್ಬಿಗಳನ್ನು ಪಕ್ಕಕ್ಕಿಟ್ಟೆ. ದೊಡ್ಡಪ್ಪ ಮಂಡಕ್ಕಿಯ ಪೊಟ್ಟಣ ಬಿಚ್ಚಿ ನಡುವೆ ಇಟ್ಟರು. ಆರಲಿ ಎಂದು ಕೂತೆವು. ಎಷ್ಟು ಹೊತ್ತು ಕೂತಿದ್ದೆವೋ, ಮೆಣಸಿನಕಾಯಿ ಮುಗಿದ ಮೇಲೂ ಕೂತಿದ್ದೆವು.

ಮನೆಗೆ ಬಂದಾಗ ದೊಡ್ಡಮ್ಮ ಬಾಗಿಲಲ್ಲೇ ನಿಲ್ಲಿಸಿ ಕೇಳಿದರು: “ನಿಜ ಹೇಳು. ಗಾಡಿ ಹೊಡೆದೋರು ಯಾರು?”

ದೊಡ್ಡಪ್ಪ ಹೊಸ್ತಿಲ ಹೊರಗೆ ನಿಂತಿದ್ದರು. ನಾನು ಅವರ ಕಂಕುಳಿಗೆ ಕೈ ಕೊಟ್ಟು, ಹೊಸ್ತಿಲು ದಾಟಿಸುತ್ತ, “ಇಬ್ರೂ,” ಎಂದೆ.